ಹತ್ತು ಮೀನು, ತೊಂಬತ್ತಾರು ಗಂಟೆ

ಮಲ್ಪೆಯ ಐಸ್ ಫ್ಯಾಕ್ಟರಿಯಲ್ಲಿ ಪೈಪು ಸೋರಿದಾಗ ಬರುತ್ತಿದ್ದ ಅಮೋನಿಯಾದ ವಾಸನೆ ಇನ್ಸ್‌ಪೆಕ್ಟರ್ ಜಯಶೀಲ ಸಾಲ್ಯಾನರಿಗೆ ಎಂಟನೆಯ ವಯಸ್ಸಿನಿಂದ ನೆನಪಿತ್ತು. ಕಣ್ಣು ಚುರುಗುಟ್ಟುತ್ತಿತ್ತು, ಅಲ್ಲಿ ಕೆಲಸಕ್ಕಿದ್ದ ಅಪ್ಪ ಹೆಗಲ ಬೈರಾಸನ್ನು ಒದ್ದೆ ಮಾಡಿ ಮಗನ ಮೂಗಿಗೆ ಹಿಡಿಯುತ್ತಿದ್ದರು. ೧೯೯೬ರ ನವೆಂಬರ್ ೨೨, ಶುಕ್ರವಾರ ಬೆಳಗ್ಗೆ, ಮುಂಬಯಿ ಬಳಿಯ ಕಲ್ಯಾಣದ ಮಲಂಗಗಡ ರಸ್ತೆಯ ಕೆರೆಯ ದಂಡೆಯಲ್ಲಿ ಅದೇ ವಾಸನೆ ಬಂತು.

ದೂರು ಠಾಣೆಗೆ ಬಂದದ್ದು ೭.೪೦ಕ್ಕೆ. ಕೆರೆಯ ಮೀನೆಲ್ಲ ಸತ್ತು ತೇಲುತ್ತಿವೆ ಎಂದು ಮೀನಿನ ಗುತ್ತಿಗೆದಾರ ಬರೆದುಕೊಟ್ಟಿದ್ದ. ಮೇಲ್ಗಡೆಯ ಕಲ್ಲುಗಣಿಯ ಕಾವಲುಗಾರ ಒಂದು ಹೆಸರನ್ನೂ ಸೇರಿಸಿದ: ಬಾಲಪ್ಪ. ಕಲಬುರಗಿಯಿಂದ ಬಂದ ಗಣಿ ಕೂಲಿ. ಗುತ್ತಿಗೆದಾರನ ಮೇಲಿನ ಸಿಟ್ಟಿಗೆ ಗುರುವಾರ ಕೆರೆಗೆ ಕೀಟನಾಶಕ ಸುರಿದನಂತೆ. ಎಫ್‌ಐಆರ್ ಆಯಿತು, ಮಧ್ಯಾಹ್ನಕ್ಕೆ ಬಾಲಪ್ಪ ಲಾಕಪ್ಪಿನಲ್ಲಿದ್ದ. ಕೋರ್ಟು ಬುಧವಾರದವರೆಗೆ ಪೊಲೀಸ್ ಕಸ್ಟಡಿ ಕೊಟ್ಟಿತು.

ಸಾಲ್ಯಾನರಿಗೆ ಸಂಶಯವಿದ್ದದ್ದು ಗಣಿಯ ಪಂಪಿನ ಮೇಲೆ. ಕಲ್ಲು ಸಿಡಿಸುವ ಅಮೋನಿಯಂ ನೈಟ್ರೇಟ್ ಮದ್ದು ಗುಂಡಿಯ ನೀರಿನಲ್ಲಿ ಕರಗಿ, ಆ ನೀರು ಕೆರೆಗೆ ಹರಿಯುತ್ತಿತ್ತು. ಪಂಚನಾಮೆ ಮಾಡಿ, ಗಣಿಯ ನೀರು ತುಂಬಿದ ಎರಡು ಕ್ಯಾನಿಗೆ ಸೀಲು ಹಾಕಿ ಡೊಂಬಿವಲಿಯ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಹತ್ತು ಮೀನುಗಳನ್ನು ಆ ನೀರಿಗೆ ಬಿಟ್ಟು, ತೊಂಬತ್ತಾರು ಗಂಟೆಯಲ್ಲಿ ಎಷ್ಟು ಸಾಯುತ್ತವೆ ಎಂದು ನೋಡುತ್ತಾರೆ; ಸತ್ತರೆ ತಪ್ಪು ಗಣಿಯದು. ಶುಕ್ರವಾರ ಸಂಜೆ ನಾಲ್ಕಕ್ಕೆ ಪರೀಕ್ಷೆ ಶುರುವಾಯಿತು.

ಬಾಲಪ್ಪನ ಹೆಂಡತಿ ದಾನಮ್ಮ ದಿನಾ ಗಂಡನಿಗೆ ಬುತ್ತಿ ತರುತ್ತಿದ್ದಳು. ಬಂದವಳೇ ಕೇಳುತ್ತಿದ್ದಳು, "ಮೀನಾ ಸತ್ವೇನಣ್ಣಾ?"

"ಜೀವ ಉಳೀಲಿ ಅಂತ ಬೇಡ್ಕೊಳ್ಳೋರನ್ನ ನೋಡೀನಿ. ನೀ ಒಬ್ಬಾಕಿ ಸಾಯಲಿ ಅಂತಿ ನೋಡವಾ," ಎಂದ ಕಾನ್‌ಸ್ಟೇಬಲ್ ಮಾಪಣ್ಣ, ತನ್ನ ಚಹಾದಲ್ಲಿ ಅರ್ಧ ಅವಳಿಗೆ ಬಗ್ಗಿಸುತ್ತ.

"ಅವು ಸತ್ರ ನಮ್ಮವ್ರು ಹೊರಗ ಬರ್ತಾರ."

ಮಂಗಳವಾರ ೪.೩೦ಕ್ಕೆ ಫೋನು ಬಂತು. ಹತ್ತಕ್ಕೆ ಹತ್ತೂ ಜೀವಂತ. ಬೆಳಗಾದರೆ ಬಾಲಪ್ಪ ಜೈಲಿಗೆ.

ಸಾಲ್ಯಾನ ೫.೩೦ಕ್ಕೆ ಡೊಂಬಿವಲಿಯಲ್ಲಿದ್ದರು. ಪ್ರಯೋಗಾಲಯದ ಜಯಲತಾ ಮೇಡಂ ರಿಜಿಸ್ಟರ್ ತೆರೆದಿಟ್ಟರು. ದಿನಕ್ಕೊಮ್ಮೆ ಎಣಿಕೆ: ಹತ್ತು, ಹತ್ತು, ಹತ್ತು, ಹತ್ತು. ಸಾಲ್ಯಾನ ಮೀನಿನ ತೊಟ್ಟಿಗೆ ಬಗ್ಗಿ ಮೂಸಿದರು. ಏನೂ ಇಲ್ಲ. ಎರಡನೆಯ ಕ್ಯಾನಿನ ಸೀಲು ಪಂಚರ ಮುಂದೆ ಒಡೆಸಿದರು. ಕಣ್ಣು ಚುರುಗುಟ್ಟಿತು.

"ಈ ನೀರು ಬೇರೆ, ಅದು ಬೇರೆ. ಶನಿವಾರ, ಭಾನುವಾರ ಇಲ್ಲಿ ಯಾರಿದ್ದರು?"

"ಅಟೆಂಡರ್ ಗುರುನಾಥ ಒಬ್ಬನೇ ಸರ್." ಮೇಡಂ ಮೂಲೆಯ ಡ್ರಮ್ಮಿನ ಕಡೆ ನೋಡಿದರು. "ಮೀನಿನ ತೊಟ್ಟಿಗೆ ಹಾಕೋ ನಳದ ನೀರನ್ನು ಕ್ಲೋರಿನ್ ಹೋಗಲಿ ಅಂತ ಎರಡು ದಿನ ಡ್ರಮ್ಮಲ್ಲಿ ನಿಲ್ಲಿಸಿಡ್ತೇವೆ. ಸೋಮವಾರ ಡ್ರಮ್ ಖಾಲಿ ಇತ್ತು. ನಾನೇ ಬೈದೆ."

ಹೊಸ ಹತ್ತು ಮೀನುಗಳನ್ನು ಕ್ಯಾನಿನ ನೀರಿಗೆ ಬಿಟ್ಟರು. ೭.೧೫ಕ್ಕೆ ಮೊದಲನೆಯದು ಮಗ್ಗುಲಾಯಿತು. ಹಣೆಗೆ ವಿಭೂತಿ ಹಚ್ಚಿದ್ದ, ಐವತ್ತು ದಾಟಿದ ಗುರುನಾಥ ಗೋಡೆಯ ಕಡೆ ಮುಖ ತಿರುಗಿಸಿದ.

"ನೀರು ಬದಲಾಯಿಸಿದ್ದು ನೀನಾ?"

"ಹೌದ್ರಿ. ಶುಕ್ರವಾರ, ಮೇಡಂ ಮನಿಗೆ ಹೋದ ಮ್ಯಾಲೆ."

"ಗಣಿಯವರು ಹೇಳಿದ್ರಾ?"

"ಅವ್ರ ಮುಖ ಸೈತ ನೋಡಿಲ್ರಿ. ಅವು ಬಾಯಿ ತೆರಕೊಂಡು ಮ್ಯಾಲೆ ಬರಾಕತ್ತಿದ್ವು. ಹನ್ನೊಂದು ವರ್ಷಾತ್ರಿ, ಸಾಯೋದನ್ನ ಎಣಿಸಿ ಬರಿಯೋದ. ಅವತ್ತ ಕೈ ಬರಲಿಲ್ಲ."

"ಸುಳ್ಳು ಲೆಕ್ಕ ಬರೆದೆ."

"ಹತ್ತೂ ಇದ್ವಲ್ರಿ, ಸುಳ್ಳ ಹೆಂಗಾತು?"

"ಅದರಿಂದ ಬಾಲಪ್ಪ ಅನ್ನುವವನು ಲಾಕಪ್ಪಿನಲ್ಲಿದ್ದಾನೆ, ಗೊತ್ತುಂಟಾ?"

ಗುರುನಾಥ ಕ್ಯಾನಿನ ಕಡೆ ತಿರುಗಿದ. "ಡಬ್ಬಿ ಮ್ಯಾಲೆ ಬರೇ ನಂಬರ್ ಇತ್ರಿ, ಸಾಹೇಬ್ರ."

೮.೧೦ಕ್ಕೆ ಬಂಧನ. ಬುಧವಾರ ಹೊಸ ವರದಿ ನೋಡಿ ಕೋರ್ಟು ಬಾಲಪ್ಪನನ್ನು ಬಿಟ್ಟಿತು. ಗಣಿ ಮಾಲೀಕನ ಮೇಲೆ ಬೇರೆ ಎಫ್‌ಐಆರ್ ಆಯಿತು. ಗುರುನಾಥನ ಕೇಸ್ ಡೈರಿ ಬರೆಯುತ್ತಿದ್ದ ಮಾಪಣ್ಣ ಪೆನ್ನು ನಿಲ್ಲಿಸಿದ. "ಸಾಹೇಬ್ರ, ಉದ್ದೇಶ ಏನಂತ ಬರೀಲಿ?"

"ಕರುಣೆ ಅಂತ ಬರಿ," ಎಂದರು ಸಾಲ್ಯಾನ.

ಗಂಡನಿಗೆಂದು ತಂದ ಬುತ್ತಿ ದಾನಮ್ಮನ ಕೈಯಲ್ಲೇ ಇತ್ತು. ಬಾಲಪ್ಪ ಹೊರಗೆ ಬೀಡಿ ಹಚ್ಚಿ ಕಾಯುತ್ತಿದ್ದ. ಅವಳು ಲಾಕಪ್ಪಿನ ಕಡೆ ನೋಡಿದಳು.

"ಅವನೇನು?"

"ಹ್ಞೂಂ. ನಿನ್ನೆಯಿಂದ ಉಂಡಿಲ್ಲ. ಹೋಟೆಲಿನ ಪಾತ್ರಿಯೊಳಗ ಮೀನಾ ಬೇಯಿಸ್ತಾರಂತ, ಒಲ್ಲೆ ಅಂತಾನ," ಎಂದ ಮಾಪಣ್ಣ.

ದಾನಮ್ಮ ಹೋಗಿ ಕಂಬಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ. ಒಳಗೆ ಸರಿಸಿದಳು.