ನೆಕ್ಸ್ಟ್ ಪಾಸ್

“ಹೋಗ್ತೀನಿ,” ಎಂದಳು ವೇದಾ. ಬಾಯಿ ತಪ್ಪಿ ಅಲ್ಲ, ಬೇಕಂತಲೇ.

ಲಂಚ್ ಬಾಕ್ಸ್ ಮುಚ್ಚುತ್ತಿದ್ದ ಅಮ್ಮ ತಿರುಗಿ ನೋಡಿದರು. “ಹಂಗನ್ನಬಾರ್ದು ಪುಟ್ಟಿ. ‘ಬರ್ತೀನಿ’ ಅನ್ನು.”

“ಬಟ್ ನಾನು ಹೋಗ್ತಾ ಇದೀನಿ. ಸ್ಕೂಲ್‌ಗೆ.”

ಅಪ್ಪ ಬಾಗಿಲಲ್ಲೇ ನಿಂತಿದ್ದರು. ವೇದಾ ಅವರ ಮುಖ ನೋಡದೆ ಬಸ್ಸಿನತ್ತ ನಡೆದಳು.

ಹೊರಡುವಾಗ ‘ಬರ್ತೀನಿ’ ಅನ್ನುವುದು ನಮ್ಮವರ ರೂಢಿ. ಹತ್ತು ವರ್ಷದ ವೇದಾಗೆ ಅದು ಗೊತ್ತಿಲ್ಲದೆ ಏನು? ಆದರೆ ನಿನ್ನೆ ಬೆಳಿಗ್ಗೆ ‘ಬರ್ತೀನಿ’ ಎಂದು ಹೋದ ಅಪ್ಪ ಸಂಜೆ ಸ್ಕೂಲಿನ ಕಾನ್ಸರ್ಟ್‌ಗೆ ಬಂದಿರಲಿಲ್ಲ. ಅವಳೊಬ್ಬಳೇ ನಿಂತು ವಯೊಲಿನ್ ನುಡಿಸುವಾಗ ಅಮ್ಮನ ಪಕ್ಕದ ಕುರ್ಚಿ ಖಾಲಿ. ಅಂಥ ಮಾತನ್ನು ತಾನು ಮಾತ್ರ ಯಾಕೆ ಆಡಬೇಕು?

ಮಧ್ಯಾಹ್ನ ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಸ್ಕೂಲಿನಿಂದ ಕರೆದೊಯ್ಯಲು ಅಪ್ಪನೇ ಬಂದರು.

“ನನ್ನ ಜೊತೆ ಆಫೀಸಿಗೆ ಬಾ. ನಾಲ್ಕೂ ಹತ್ತಕ್ಕೆ ಪಾಸ್ ಇದೆ.”

“ಆಲ್ವೇಸ್ ಪಾಸ್,” ಎಂದಳು ವೇದಾ.

“ಇದು ಲಾಸ್ಟ್ ಒನ್.”

ಕಾರು ಲ್ಯಾನ್‌ಹ್ಯಾಮ್ ಊರು ದಾಟುವವರೆಗೂ ವೇದಾ ಕಿಟಕಿಯಾಚೆಗೇ ನೋಡುತ್ತಿದ್ದಳು.

ಅಪ್ಪ ಗುರುಸಿದ್ದಪ್ಪ ಎಂಜಿನಿಯರ್. ಅವರ ಸ್ಯಾಟಲೈಟ್ ಆಕಾಶದ ಒಂದು ಅಂಚಿನಲ್ಲಿ ಹುಟ್ಟಿ, ಹತ್ತು ಹನ್ನೆರಡು ನಿಮಿಷ ಇಲ್ಲಿನ ಆಂಟೆನಾ ಜೊತೆ ಮಾತಾಡಿ, ಇನ್ನೊಂದು ಅಂಚಿನಲ್ಲಿ ಮುಳುಗುತ್ತಿತ್ತು. ಅದಕ್ಕೇ ಪಾಸ್ ಅನ್ನುವುದು. ಕಂಟ್ರೋಲ್ ರೂಮಿನ ಬಿಳಿ ಬೋರ್ಡಿನಲ್ಲಿ ಪ್ರತಿ ಪಾಸಿಗೂ ಒಂದು ಸಾಲು: ಬಂದ ಗಂಟೆ, ಹೋದ ಗಂಟೆ, ನೆಕ್ಸ್ಟ್ ಪಾಸ್.

“ದೇಶದ ಆಂಟೆನಾ ಸ್ಟೇಷನ್‌ಗಳನ್ನೆಲ್ಲ ಸೇರಿಸಿ ಒಂದೇ ನೆಟ್‌ವರ್ಕ್ ಮಾಡ್ತಾ ಇದಾರೆ,” ಎಂದರು ಅಪ್ಪ, ಆ ಬೋರ್ಡಿನ ಮುಂದೆ ವೇದಾಗೆ ಕುರ್ಚಿ ಹಾಕಿ. “ಎಲ್ಲಾ ಹೊಸ ಸ್ಯಾಟಲೈಟ್‌ಗಳಿಗೆ. ಇದು ಹಳೇದು, ಬ್ಯಾಟರಿ ಹೋಗಿದೆ. ನಾವೇ ಆಫ್ ಮಾಡ್ಬೇಕು. ನಿನ್ನೆ ಎಷ್ಟು ಕರೆದ್ರೂ ಉತ್ತರ ಕೊಡ್ಲಿಲ್ಲ ಪುಟ್ಟಿ. ಬಿಟ್ಟು ಬರೋಕಾಗ್ಲಿಲ್ಲ. ಸಾರಿ.”

“ಎಷ್ಟು ಹಳೇದು?”

“ನಿನಗಿಂತ ಒಂದು ವರ್ಷ ದೊಡ್ಡದು.”

ನಾಲ್ಕೂ ಹತ್ತಕ್ಕೆ ಸ್ಕ್ರೀನಿನ ಮೇಲೆ ಹಸಿರು ಗೆರೆ ಎದ್ದಿತು. “ಬಂತು,” ಎಂದರು ಅಪ್ಪ ಮೆಲ್ಲಗೆ. ಕೀಲಿಗಳನ್ನು ಒತ್ತುತ್ತಾ ಹೋದರು. ಕೊನೆಯ ಕೀಲಿಯ ಮೇಲೆ ಬೆರಳು ನಿಂತಿತು. ಆಮೇಲೆ ಒತ್ತಿದರು. ಹಸಿರು ಗೆರೆ ಮಲಗಿತು.

ಅಪ್ಪ ಎದ್ದು ಹೋಗಿ ಬೋರ್ಡಿನಲ್ಲಿ 4:10 ಎಂದು ಬರೆದರು, ಪಕ್ಕದಲ್ಲಿ 4:19. ‘ನೆಕ್ಸ್ಟ್ ಪಾಸ್’ ಎಂಬ ಮೂರನೆಯ ಮನೆಯ ಮುಂದೆ ಮಾರ್ಕರ್ ತಡೆಯಿತು. ತುಂಬಾ ಹೊತ್ತು ನಿಂತು, ಏನೂ ಬರೆಯದೆ ಮಾರ್ಕರಿಗೆ ಮುಚ್ಚಳ ಹಾಕಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕವನ್ನಲ್ಲ, ಕಣ್ಣನ್ನು.

ವೇದಾ ಮೇಲಿನ ಸಾಲುಗಳನ್ನೆಲ್ಲ ನೋಡಿದಳು. ಒಂದರಲ್ಲೂ ಆ ಮನೆ ಖಾಲಿ ಇರಲಿಲ್ಲ. ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ಏನನ್ನು ಕಾಯುತ್ತಾ ನಿಂತಿದ್ದರೆಂದು ಅವಳಿಗೆ ಈಗ ಗೊತ್ತಾಯಿತು. ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡಳು.

ಮರುದಿನ ಬಸ್ ಬಂದಾಗ, ಮೆಟ್ಟಿಲಿಳಿದಿದ್ದ ವೇದಾ ಮತ್ತೆ ಬಾಗಿಲಿಗೆ ಓಡಿ ಬಂದಳು.

“ಅಪ್ಪಾ, ಬರ್ತೀನಿ,” ಎಂದಳು. “ಮೂರೂವರೆಗೆ.”