ಕಲ್ಲುಪ್ಪಿನ ಹಾಗೆ ಉದುರುವ ಗಾಜು

ಸುತ್ತಿಗೆ ಎತ್ತುವ ಮುಂಚೆ ಅವನು ಅವಳಿಗೆ ಕಣ್ಣು ಹೊಡೆದ. ಆಮೇಲೆ ಗಾಜಿನ ಕೆಳಮೂಲೆಗೆ ಉಳಿ ಇಟ್ಟು ಒಂದೇ ಏಟು ಕೊಟ್ಟ.

ಅವನಿದ್ದ ಕಡೆ ಕಚೇರಿಯ ಹಾಲ್ ತುಂಬ ಜನ. ಆರೋಗ್ಯ ವಿಮೆಯ ಕಾರ್ಡು ರದ್ದಾದದ್ದು ಯಾಕೆಂದು ಕೇಳಲು ಬಂದ ಬಡವರು. ಪೊಲೀಸರು ಬಾಗಿಲಿನಿಂದಲೇ ಲಾಠಿ ಬೀಸುತ್ತ ಒಳನುಗ್ಗಿದ್ದರಿಂದ ಹೊರಗೆ ಓಡಲು ದಾರಿಯಿಲ್ಲದೆ ಎಲ್ಲರೂ ಕೌಂಟರಿನ ಗಾಜಿಗೆ ಬಂದು ಒತ್ತಿಕೊಂಡಿದ್ದರು. ಯಾರದೋ ಕೆನ್ನೆ ಗಾಜಿನ ಮೇಲೆ ಚಪ್ಪಟೆಯಾಗಿತ್ತು. ಮೂಗಿನಿಂದ ಇಳಿದ ರಕ್ತ ಅದರ ಮೇಲೆ ಗೆರೆ ಎಳೆಯುತ್ತಿತ್ತು. ಎಲ್ಲರಿಗಿಂತ ಮುಂದೆ ಅವನ ಅಮ್ಮ. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈ ಅವರ ಎದೆಗೂ ಗಾಜಿಗೂ ನಡುವೆ ಸಿಕ್ಕಿಕೊಂಡಿತ್ತು. ಬಾಯಿ ತೆರೆದಿತ್ತು, ದನಿಯಿರಲಿಲ್ಲ.

ಈ ಕಡೆ ಅವಳು, ಕೌಂಟರಿನ ಕ್ಲಾರ್ಕ್. ಅವಳು ಹಿಂದೆ ಸರಿಯಲಿಲ್ಲ. ಅಮ್ಮನನ್ನು ಹಿಡಿಯಲು ಎರಡೂ ಕೈ ಚಾಚಿ ಮುಂದೆ ಬಂದಳು. ಹೆದರುವುದೇನಿದೆ? ಬೇಸಿಗೆಯಲ್ಲಿ ಈ ಗಾಜು ಕೂರಿಸಲು ಬಂದವನು ಅವನೇ, ಪಾಠ ಹೇಳಿಕೊಟ್ಟವನೂ ಅವನೇ.

"ಇದು ಕಾಯಿಸಿ ಗಟ್ಟಿ ಮಾಡಿದ ಗಾಜು, ಮೇಡಮ್ನೋರೇ. ನಡುವೆ ಗುದ್ದಿದ್ರೆ ಜಪ್ಪಯ್ಯ ಅಂದ್ರೂ ಒಡೆಯಲ್ಲ. ಮೂಲೇಲಿ ಒಂದು ಏಟು ಬಿತ್ತೋ, ಪೂರ್ತಿ ಕಲ್ಲುಪ್ಪಿನ ಹಾಗೆ ಉದುರಿಹೋಗುತ್ತೆ. ಮೈಗೊಂದು ಗೀರೂ ಆಗಲ್ಲ."

"ಮೂಲೇಲಿ ಯಾರು ಹೊಡೀತಾರೆ?"

"ಗುಟ್ಟು ಗೊತ್ತಿರೋರು."

"ಈಗ ನಂಗೂ ಗೊತ್ತಾಯ್ತಲ್ಲ."

"ಅದಕ್ಕೇ ನಿಮ್ಮ ಹತ್ರ ಸ್ವಲ್ಪ ಹುಷಾರಾಗಿರಬೇಕು." ಗಾಜಿನ ಮೇಲೆ ಬಾಯಿಂದ ಆವಿ ಬಿಟ್ಟು, ಅವಳ ಮುಖ ಕಾಣುವಷ್ಟೇ ಜಾಗ ಒರೆಸಿ, ಉಳಿದದ್ದನ್ನು ಹಾಗೇ ಬಿಟ್ಟು ನಕ್ಕಿದ್ದ.

ಆಮೇಲೆ ಅಮ್ಮನ ಕಾರ್ಡಿನ ನೆಪ ಮಾಡಿಕೊಂಡು ಬರತೊಡಗಿದ. ಅಮ್ಮನೂ ಕೌಂಟರಿನ ಕಿಂಡಿಯಿಂದ ಕೈ ತೂರಿಸಿ, ಡಯಾಲಿಸಿಸ್ ಸೂಜಿಗೆಂದು ಆಪರೇಷನ್ ಮಾಡಿ ಉಬ್ಬಿಸಿದ ನರದ ಮೇಲೆ ಅವಳ ಬೆರಳು ಇಡಿಸಿದ್ದರು. "ನೋಡು, ಒಳಗೆ ಜೇನು ಗುಂಯ್ ಅನ್ನುತ್ತೆ. ಅದು ಹಾಡೋವರೆಗೂ ನಾನಿರ್ತೀನಿ."

ಆಮೇಲೆ ಸರ್ಕಾರದ ಹೊಸ ನಿಯಮ ಬಂತು. ಮನೆಯಲ್ಲಿ ಸ್ವಂತ ಹತಾರ ಇಟ್ಟುಕೊಂಡು ದುಡಿಯುವ ಒಬ್ಬನಿದ್ದರೂ ಆ ಮನೆ ಬಡವರದಲ್ಲವಂತೆ. ಗಾಜು ಕೊರೆಯುವ ಒಂದು ವಜ್ರದ ಮೊನೆ, ಒಂದು ಸುತ್ತಿಗೆ. ಅಷ್ಟಕ್ಕೇ ಅಮ್ಮನ ಕಾರ್ಡು ರದ್ದಾಯಿತು.

"ಯಾರು ರದ್ದು ಮಾಡಿದ್ದು?" ಎಂದು ಕೇಳಿದ್ದ ಅವನು.

"ನಾನೇ. ನನ್ನ ಕೈಲೇ ಮಾಡಿಸಿದ್ರು."

ಅಂದಿನಿಂದ ಮಾತು ನಿಂತಿತ್ತು. ಇವತ್ತು ಹಾಗೆ ಕಣ್ಣು ಹೊಡೆದದ್ದೇ ಮೊದಲ ಮಾತು.

ಗಾಜು ಕಲ್ಲುಪ್ಪಿನ ಹಾಗೆ ಉದುರಲಿಲ್ಲ. ಕತ್ತಿಗಳಾಗಿ ಬಿತ್ತು.

ಒಂದು ಉದ್ದನೆಯ ಚೂರು ಅವಳ ಮುಂಗೈಗೆ ಇಳಿದು, ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿಕೊಂಡು ಹೋಯಿತು. ಮೊದಲು ತಣ್ಣಗೆನಿಸಿತು. ಒಳಗಿನ ಬಿಳಿ ಕಂಡಿತು, ಆಮೇಲೆ ಎಲ್ಲವೂ ಕೆಂಪಾಯಿತು. ಅಮ್ಮ ಚೌಕಟ್ಟು ದಾಟಿ ಅವಳ ಮೈಮೇಲೆ ಬಿದ್ದರು. ಅವಳು ಬಿಡಲಿಲ್ಲ. ಇಬ್ಬರೂ ಜಾರಿ ನೆಲಕ್ಕೆ ಕುಸಿದರು. ಹಿಂದೆಯೇ ನುಗ್ಗಿದವರ ಕಾಲುಗಳ ಕೆಳಗೆ ಗಾಜು ಪಟಪಟ ಸಿಡಿಯುತ್ತಿತ್ತು, ಕಾಲುಗಳೂ ಸೀಳಿಹೋಗುತ್ತಿದ್ದವು.

ಅವನು ಕೌಂಟರ್ ಹಾರಿ ಬಂದ. ಅವಳ ಕೈ ನೋಡಿ ಬಿಳಿಚಿಕೊಂಡ. ತಲೆಯ ಮೇಲೆ ಲಾಠಿ ಬಿತ್ತು. ಅವನು ತಿರುಗಲಿಲ್ಲ. ಬೆಲ್ಟು ಬಿಚ್ಚಿ ಅವಳ ತೋಳಿಗೆ ಬಿಗಿದ. ಎರಡನೆಯ ಏಟು ಬೆಲ್ಟು ಹಿಡಿದ ಬೆರಳುಗಳ ಮೇಲೆ ಬಿತ್ತು. ಒಣಕಡ್ಡಿ ಮುರಿದ ಸದ್ದು. ಅವನು ಬೆಲ್ಟಿನ ತುದಿ ಹಲ್ಲಿನಲ್ಲಿ ಕಚ್ಚಿ ಎಳೆದ. ಹಣೆಯಿಂದ ಇಳಿದ ರಕ್ತ ಅವಳ ತುಟಿಯ ಮೇಲೆ ತೊಟ್ಟಿಕ್ಕಿತು. ಬೆಚ್ಚಗಿತ್ತು, ಉಪ್ಪಾಗಿತ್ತು.

"ಯಾವ ಅಯೋಗ್ಯ ಹಾಕಿದ್ದು ಈ ಗಾಜನ್ನ?" ಎಂದ ಹಲ್ಲುಗಳ ನಡುವೆ. "ಇದು ನಂದಲ್ಲ!"

"ಹೋದ ಸಲದ ಗಲಾಟೇಲಿ ನಿಂದು ಒಡೆದುಹೋಯ್ತು. ಬೇರೆ ಯಾರೋ ಬಂದು ಹಾಕಿದ್ರು."

"ನಂಗೊಂದು ಮಾತು ಹೇಳಬಾರದಿತ್ತಾ?"

"ನೀನು ಮಾತು ಬಿಟ್ಟಿದ್ದೆಯಲ್ಲ." ಅವಳ ಕಣ್ಣು ಮಂಜಾಗುತ್ತಿತ್ತು. "ಎಲ್ಲಾ ಗಾಜೂ ಒಂದೇ ಅಂದ್ಕೊಂಡೆ."

"ಎಲ್ಲಾ ಗಾಜೂ ಒಂದೇನಾ!" ಅವನಿಗೆ ನಿಜವಾಗಿಯೂ ಸಿಟ್ಟು ಬಂತು. ಆ ಸಿಟ್ಟು ಕಂಡು ಅವಳಿಗೆ ನಗು ಬಂತು. ಅಷ್ಟರಲ್ಲಿ ಅವನ ಕೂದಲು ಹಿಡಿದು ದರದರ ಎಳೆದುಕೊಂಡು ಹೋದರು.

ಸಿಬ್ಬಂದಿ ಊಟ ಮಾಡುವ ಕೋಣೆಯ ಮೇಜಿನ ಮೇಲೆ, ಗುಂಪಿನಲ್ಲೇ ಇದ್ದ ಒಬ್ಬ ನರ್ಸಮ್ಮ ಅವಳ ಕೈ ಹೊಲಿದರು. ಮರಗಟ್ಟಿಸುವ ಇಂಜೆಕ್ಷನ್ ಇರಲಿಲ್ಲ. ಸೂಜಿ ಹೊಕ್ಕಾಗಲೆಲ್ಲ ಅವಳು ಮೇಜಿನ ಅಂಚು ಕಚ್ಚಿದಳು. ಎದುರಿಗೆ ಕಿಟಕಿಯ ಸರಳಿಗೆ ಬೇಡಿ ಹಾಕಿಸಿಕೊಂಡು ಅವನು ನಿಂತಿದ್ದ. ಪ್ರತಿ ಹೊಲಿಗೆಗೂ ಅವನ ಮುಖವೇ ಕಿವುಚಿಕೊಳ್ಳುತ್ತಿತ್ತು.

"ಹೊಲೀತಿರೋದು ನನ್ನ ಕೈ. ನೀನ್ಯಾಕೆ ಮುಖ ಮಾಡ್ತಿದ್ದೀಯ?"

"ಹಾಗೆ ಕಾಣುತ್ತಾ?"

"ಗಾಜಿನ ಆಚೆ ಕಂಡ ಹಾಗೆ ಎಲ್ಲಾ ಕಾಣುತ್ತೆ."

ಬೆಂಚಿನ ಮೇಲೆ ಅಮ್ಮ ಮಲಗಿದ್ದರು. ಡಯಾಲಿಸಿಸ್ ತಪ್ಪಿ ಕಾಲು ಊದಿಕೊಂಡಿದ್ದವು, ಉಸಿರಿನಲ್ಲಿ ನೀರು ಗೊರಗೊರ ಅನ್ನುತ್ತಿತ್ತು. ಅವಳು ಕ್ಷೇಮವಿದ್ದ ಕೈ ಚಾಚಿ ಅವರ ನರದ ಮೇಲೆ ಬೆರಳಿಟ್ಟಳು. ಜೇನು ಇನ್ನೂ ಹಾಡುತ್ತಿತ್ತು, ಬಹಳ ದೂರದಿಂದ.

ಮೇಲಧಿಕಾರಿ ಒಳಗೆ ಬಂದರು. ಚಪ್ಪಲಿಗೆ ರಕ್ತ ತಾಗದಂತೆ ನೋಡಿ ನೋಡಿ ಹೆಜ್ಜೆ ಇಟ್ಟರು.

"ಏನಮ್ಮ, ನಮ್ಮ ಹುಡುಗಿಗೆ ಎಂಥಾ ಗತಿ ತಂದ ನೋಡಿ ನಿಮ್ಮ ಮಗ. ಕೊಲೆ ಯತ್ನದ ಕೇಸು ಇದು."

"ಅವಳು ನನ್ನ ಸೊಸೆ," ಎಂದರು ಅಮ್ಮ.

ಅವನು ಕೆಮ್ಮಿದ. "ಅಮ್ಮಾ, ನಾನಿನ್ನೂ ಕೇಳೇ ಇಲ್ಲ ಅವಳನ್ನ."

"ಕೇಳು ಮತ್ತೆ," ಎಂದಳು ಅವಳು.

"ಕೈಗೆ ಬೇಡಿ ಹಾಕಿದಾರಲ್ಲ."

"ಬಾಯಿಗೆ ಹಾಕಿಲ್ಲವಲ್ಲ."

ಅವನು ಒಡೆದ ಹಣೆಯನ್ನು ಸರಳಿಗೆ ಒರಗಿಸಿ ಅವಳನ್ನೇ ನೋಡಿದ. "ನಂಗೆ ನೀನು ಬೇಕು. ಕಾರ್ಡ್ ರದ್ದು ಮಾಡಿದ ದಿನವೂ ಬೇಕಾಗಿದ್ದೆ, ಅದಕ್ಕೇ ಕೋಪ ಬಂದಿದ್ದು. ಬರ್ತೀಯಾ?"

"ಹೂಂ." ಸೂಜಿ ಮತ್ತೆ ಹೊಕ್ಕಿತು. ಕಣ್ಣೀರು ಯಾವುದಕ್ಕೆ ಬಂತೆಂದು ಅವಳಿಗೆ ತಿಳಿಯಲಿಲ್ಲ.

ಮೇಲಧಿಕಾರಿ ದನಿ ಮೆತ್ತಗೆ ಮಾಡಿದರು. "ಶುಭವೇ ಆಯ್ತು. ಹಾಗಾದ್ರೆ ಮಾತು ಸುಲಭ. ಗಾಜು ಒಡೆದದ್ದು ಜನರನ್ನ ಎತ್ತಿಕಟ್ಟಿದ ಹೊರಗಿನ ಮುಖಂಡರು ಅಂತ ಮೂವರೂ ಹೇಳಿ. ಹುಡುಗನ್ನ ಬಿಡ್ತೀವಿ. ನಿಮ್ಮ ಕಾರ್ಡು ಈಗಲೇ ಜೀವ ಪಡೆಯುತ್ತೆ. ಆಸ್ಪತ್ರೆಯಲ್ಲಿ ಮೆಷಿನ್ ಖಾಲಿ ಇಡಿಸಿದೀನಿ. ಕೈ ವಾಸಿಯಾದ್ಮೇಲೆ ಇವಳು ಅದೇ ಸೀಟಿಗೆ ಬರಲಿ, ಅದೇ ಕೆಲಸ ಮಾಡಲಿ."

ಅದೇ ಕೆಲಸ ಎಂದರೆ ಉಳಿದವರ ಕಾರ್ಡು ರದ್ದು ಮಾಡುವುದು. ಅವಳಿಗೆ ಗೊತ್ತಿತ್ತು. ಆದರೆ ಬೆರಳಿನ ಕೆಳಗೆ ಜೇನು ಸಣ್ಣಗಾಗುತ್ತಿತ್ತು. 'ಆಗಲಿ ಸಾರ್' ಎಂಬುದು ನಾಲಗೆಯ ತುದಿಗೆ ಬಂತು. ಅವನ ಕಣ್ಣಿನಲ್ಲೂ ಅದೇ ಮಾತು ಕಂಡಿತು.

ಅಮ್ಮ ಅವಳ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಾಲ್‌ನಲ್ಲಿ ಬಿದ್ದಿದಾರಲ್ಲ ಸ್ವಾಮಿ, ಅವರ ಕಾರ್ಡು?"

"ಅದು ಸರ್ಕಾರದ ತೀರ್ಮಾನ ಅಮ್ಮ. ನಿಮ್ಮದಷ್ಟೇ ನನ್ನ ಕೈಲಿರೋದು."

"ನಂಗೆ ಬೇಡ."

"ದುಡುಕಬೇಡಿ. ಮಗನ ಮದುವೆ ನೋಡೋಕಾದ್ರೂ ಬದುಕಬೇಡವಾ?"

"ಬೇಡ ಅಂದೆನಲ್ಲ."