ಕರಿ ಮಡಕೆಯ ತಳ

"ಬುಟ್ಟಿ ಗಟ್ಟಿ ಹಿಡ್ಕೋಬೇ ಶೇಖಮ್ಮಾ! ಮಡಕಿ ಒಡದ್ರ ನಮ್ಮ ಮನಿ ಮರ್ಯಾದಿ ಹಳ್ಳದಾಗ ಹರದು ಹೋಗ್ತೈತಿ!"

ಆದಮ್ಮಜ್ಜಿ ಹೀಗೆ ಕೂಗಿದ್ದು ಅದು ನಾಲ್ಕನೆಯ ಸಲ. ಎತ್ತಿನ ಬಂಡಿ ಸಂತೆಕಲ್ಲೂರಿನ ಓಣಿ ದಾಟಿ ಹೊಲದ ದಾರಿ ಹಿಡಿದಿತ್ತು. ಕಲ್ಲು ಸಿಕ್ಕಲ್ಲೆಲ್ಲ ಗಾಲಿ ಎಗರುತ್ತಿತ್ತು, ಬಂಡಿಯಲ್ಲಿದ್ದವರೂ ಎಗರುತ್ತಿದ್ದರು. ಅಪ್ಪ ಮುದುಕಪ್ಪ ಮುಂದೆ ಕುಳಿತು ಎತ್ತು ಹೊಡೆಯುತ್ತಿದ್ದ.

"ಹಿಡ್ಕೊಂಡೀನಜ್ಜೀ" ಎಂದಳು ಶೇಖಮ್ಮ. ಬಟ್ಟೆ ಮುಚ್ಚಿ ಕಟ್ಟಿದ ಬುಟ್ಟಿ ಅವಳ ಮೊಣಕಾಲುಗಳ ನಡುವೆ ಇತ್ತು. ಒಳಗೊಳಗೇ ಅವಳಿಗೆ ನಗು. ಒಡೆಯಲು ಅದರೊಳಗೆ ಮಡಕೆ ಇದ್ದರೆ ತಾನೆ? ಆದರೆ ಅದು ಅವಳೊಬ್ಬಳಿಗೇ ಗೊತ್ತಿತ್ತು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಅವ್ವ ಹೆರಿಗೆಗೆಂದು ತವರುಮನೆ ಮುಕ್ಕುಂದಕ್ಕೆ ಹೋಗಿದ್ದಳು. ಅಡಿಗೆಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಅಂದು ಎಳ್ಳಮಾಸಿ. ಹೊಲಕ್ಕೆ ಬುತ್ತಿ ಒಯ್ದು, ಬನ್ನಿಗಿಡದ ಕೆಳಗೆ ಪೂಜೆ ಮಾಡಿ, ನಾಲ್ಕೂ ದಿಕ್ಕಿಗೆ ಬುತ್ತಿಯ ತುತ್ತುಗಳನ್ನು ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ, ಆಮೇಲೆ ಎಲ್ಲರೂ ಅಲ್ಲೇ ಕುಳಿತು ಉಣ್ಣುವ ಹಬ್ಬ. ಆದಮ್ಮಜ್ಜಿಯ ಮೂರು ಮಕ್ಕಳು ಮೂರು ಊರಿನಲ್ಲಿದ್ದರು. ಯಾರ ಮನೆಯಿಂದ ಯಾವ ಪಲ್ಯ ಬರಬೇಕೆಂದು ಅಜ್ಜಿ ಎಂದೋ ಗೊತ್ತುಮಾಡಿಬಿಟ್ಟಿದ್ದಳು. ಲಿಂಗಸುಗೂರಿನ ಮಾರೆಮ್ಮತ್ತೆ ಎಣ್ಣೆಗಾಯಿ ತರಬೇಕು. ಸಿಂಧನೂರಿನ ಕಾಕನ ಹೆಂಡತಿ ಸಣ್ಣಮ್ಮ ಹೆಸರುಕಾಳಿನ ಉಸಳಿ ತರಬೇಕು. ಸಂತೆಕಲ್ಲೂರಿನ ಮನೆಯದು ಪುಂಡಿಪಲ್ಯ. ಒಬ್ಬರ ಪಲ್ಯ ಇನ್ನೊಬ್ಬರು ಮಾಡುವಂತಿಲ್ಲ. ಎಲ್ಲರೂ ಮೊದಲ ತುತ್ತು ಪುಂಡಿಪಲ್ಯದಲ್ಲೇ ಉಣ್ಣಬೇಕು. ಅದನ್ನು ಬಡಿಸುವುದು ಹೋದ ವರ್ಷದಿಂದ ಶೇಖಮ್ಮನ ಕೆಲಸ.

ಊರಾಚೆಯ ಬೇವಿನ ಮರದ ಹತ್ತಿರ ಜುಬೇದಾಬೀ ಎದುರಾದಳು. ಅವಳೂ ಅವಳ ಗಂಡನೂ ಊರೂರು ತಿರುಗಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಗೆ ತವರ ಸವರಿ ಕಲಾಯಿ ಹಾಕುತ್ತಿದ್ದರು.

"ಸಂಜೀಕ ಬಾರವಾ, ಹಬ್ಬದ ಊಟ ಎತ್ತಿಟ್ಟಿರ್ತೀನಿ" ಎಂದಳು ಅಜ್ಜಿ.

"ಬರ್ತೀನಿ ಆದಮ್ಮಕ್ಕಾ. ನಿಮ್ ಹಿತ್ತಾಳಿ ಬೋಗಾಣಿ ಏನ್ ಮಾಡಿದ್ರಿ? ಒಳಗ ಕಲಾಯಿ ಪೂರಾ ಹೋಗೈತಿ ಅದರದ್ದು. ಮರತು ಅದರಾಗ ಹುಳಿ ಇಟ್ಟೀರಿ ಮತ್ತ! ಕಿಲುಬು ಬಿಟ್ಟು ವಿಷ ಆಗ್ತೈತಿ. ಹೋದ ತಿಂಗಳ ಮಸ್ಕಿ ಊರಾಗ ಒಂದ್ ಮನಿ ಮಂದಿ ಅಷ್ಟೂ ವಾಂತಿ ಮಾಡ್ಕೊಂಡು ದವಾಖಾನಿ ಸೇರಿದ್ರು."

"ಅಟ್ಟದ ಮ್ಯಾಲೆ ಇಟ್ಟೀನವಾ. ಹಬ್ಬ ಆಗ್ಲಿ, ಕೊಡ್ತೀನಿ."

ಶೇಖಮ್ಮ ಬುಟ್ಟಿಯ ಬಟ್ಟೆಯನ್ನು ಇನ್ನಷ್ಟು ಎಳೆದು ಮುಚ್ಚಿದಳು.

ಬೋಗಾಣಿ ಅಟ್ಟದ ಮೇಲೆ ಎಲ್ಲಿತ್ತು? ಅವಳ ಮೊಣಕಾಲುಗಳ ನಡುವೆ ಇತ್ತು. ಅದರ ತುಂಬ ಪುಂಡಿಪಲ್ಯ ಇತ್ತು. ಪುಂಡಿಸೊಪ್ಪಿಗಿಂತ ಹುಳಿ ಇನ್ನೇನಿದೆ?

ಇದಕ್ಕೆಲ್ಲ ಕಾರಣ ಕನಕರಾಯ. ಸಿಂಧನೂರಿನ ಕಾಕನ ಮಗ. ಶೇಖಮ್ಮನಿಗಿಂತ ಆರು ತಿಂಗಳು ದೊಡ್ಡವನು, ಇಂಗ್ಲಿಷ್ ಮೀಡಿಯಂ, ಕೈಗೆ ಡಿಜಿಟಲ್ ವಾಚು. ಹೋದ ವರ್ಷ ಅವರ ಮನೆಯ ಸ್ಟೀಲಿನ ಕ್ಯಾರಿಯರ್ ಬಿಸಿಲಿಗೆ ಮಿಂಚುತ್ತಿತ್ತು. ಪಕ್ಕದಲ್ಲಿ ಅಜ್ಜಿಯ ಮಡಕೆ, ಹೊಗೆ ಹಿಡಿದು ಕರ್ರಗೆ ಕುಳಿತಿತ್ತು. "ಈ ಸಲಾನೂ ಅದೇ ಕರೀ ಮಡಕೀನಾ?" ಎಂದು ಕೇಳಿ ಕನಕರಾಯ ನಕ್ಕಿದ್ದ. ಆ ನಗುವನ್ನು ಶೇಖಮ್ಮ ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

ಅದಕ್ಕೇ ನಿನ್ನೆ ಸಂಜೆ, ಅಜ್ಜಿ ಪಲ್ಯ ಮಾಡಿ ಮುಚ್ಚಿಟ್ಟು ಸಜ್ಜೆ ರೊಟ್ಟಿ ಬಡಿಯಲು ಕುಳಿತಾಗ, ಇವಳು ಬೋಗಾಣಿಯನ್ನು ಅಟ್ಟದಿಂದ ಇಳಿಸಿದಳು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಒಳಗೆ ಅಲ್ಲಲ್ಲಿ ಬೆಳ್ಳಗಿನ ಕಲೆಗಳಿದ್ದವು. ಎಷ್ಟು ಹೊಲಸು ಎಂದುಕೊಂಡು ಅವನ್ನೂ ಕೆರೆದು ಕೆರೆದು ತೆಗೆದಳು. ಪಲ್ಯವನ್ನೆಲ್ಲ ಅದಕ್ಕೆ ಸುರಿದು, ಖಾಲಿ ಮಡಕೆಯನ್ನು ತೊಳೆಯಲೂ ಪುರುಸೊತ್ತಿಲ್ಲದೆ ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಳು.

ಆ ಬೆಳ್ಳಗಿನ ಕಲೆಗಳೇ ಅಳಿದುಳಿದ ಕಲಾಯಿ ಎಂದು ಅವಳಿಗೆ ಈಗ ಗೊತ್ತಾಯಿತು.

ಅಜ್ಜಿ ಅತ್ತ ತಿರುಗಿದಾಗ ಶೇಖಮ್ಮ ಮೆಲ್ಲಗೆ ಬಟ್ಟೆ ಸರಿಸಿ ಮುಚ್ಚಳ ಎತ್ತಿದಳು. ಪಲ್ಯದ ಸುತ್ತ, ಹಿತ್ತಾಳೆಗೆ ತಾಗಿದಲ್ಲಿ, ದಾರದಷ್ಟು ಹಸಿರು ಗೆರೆ. ವಾಸನೆಯೂ ಪುಂಡಿಪಲ್ಯದ್ದಲ್ಲ, ಹಳೇ ನಾಣ್ಯ ಮೂಸಿದ ಹಾಗಿತ್ತು. ತಟ್ಟನೆ ಮುಚ್ಚಿಬಿಟ್ಟಳು. ಅಜ್ಜಿ, ಅಪ್ಪ, ಅತ್ತೆ, ಕಾಕಾ, ಸಣ್ಣಮ್ಮ, ಎಲ್ಲರೂ ಮೊದಲ ತುತ್ತು ಇದನ್ನೇ ಉಣ್ಣುವವರು!

ಹೇಳಿಬಿಡಲೇ? ಹೇಳಿದರೆ ಅಪ್ಪನ ಏಟು ಖಾತ್ರಿ. ಏಟು ಹೋಗಲಿ, ಪುಂಡಿಪಲ್ಯವಿಲ್ಲದ ಎಳ್ಳಮಾಸಿ! ಅದು ತನ್ನಿಂದ! ಹೇಳದಿದ್ದರೆ? ದವಾಖಾನೆಯ ಮಂಚಗಳ ಮೇಲೆ ಸಾಲಾಗಿ ಮಲಗಿದ ತನ್ನವರೇ ಕಣ್ಣಿಗೆ ಕಟ್ಟಿದರು.

ಹೊಲ ಬಂದೇಬಿಟ್ಟಿತು. ತೆನೆ ತೂಗುವ ಬಿಳಿಜೋಳ, ನಡುವೆ ಬನ್ನಿಗಿಡ. ಉಳಿದವರೆಲ್ಲ ಆಗಲೇ ಬಂದಿದ್ದರು. ಅಪ್ಪ ಎತ್ತು ಬಿಚ್ಚಿಕೊಂಡು ಹೋದ. ಅಜ್ಜಿ ಇಳಿದು ಗಿಡದ ಕಡೆ ನಡೆದಳು. ಬಂಡಿಯ ಹತ್ತಿರ ಈಗ ಯಾರೂ ಇರಲಿಲ್ಲ.

ಶೇಖಮ್ಮನಿಗೆ ಒಂದು ಉಪಾಯ ಹೊಳೆಯಿತು. ಬುಟ್ಟಿ ಕೈಜಾರಿ ಬಿದ್ದರೆ? ಪಲ್ಯ ಚೆಲ್ಲಿದರೆ? 'ಪಾಪ, ಹುಡುಗಿ ಕೈಯಿಂದ ಬಿತ್ತು' ಅನ್ನುತ್ತಾರೆ. ಅಷ್ಟೇ, ಮುಗಿಯಿತು! ಕಣ್ಣು ಮುಚ್ಚಿ ಬುಟ್ಟಿಯನ್ನು ಬಂಡಿಯ ಅಂಚಿನಿಂದ ನೂಕಿಯೇಬಿಟ್ಟಳು.

ಠಣ್!

ಮಡಕೆಯಾಗಿದ್ದರೆ ಚೂರುಚೂರಾಗುತ್ತಿತ್ತು. ಇದು ಹಿತ್ತಾಳೆ. ಬಿದ್ದು, ಒಮ್ಮೆ ಓಲಾಡಿ, ನೆಟ್ಟಗೆ ಕುಳಿತುಕೊಂಡಿತು. ಒಂದು ಹನಿಯೂ ಚೆಲ್ಲಲಿಲ್ಲ.

"ಏಯ್, ಮಡಕಿ ಠಣ್ ಅಂತೈತೇನಲೇ?"

ಕನಕರಾಯ! ಎಲ್ಲಿದ್ದನೋ, ಓಡಿಬಂದು ಬಟ್ಟೆ ಸರಿಸಿದ. ಅವನ ಮುಖ ಸಪ್ಪಗಾಯಿತು. "ಇದೇನು? ಕರೀ ಮಡಕಿ ಎಲ್ಲಿ?" ಎನ್ನುತ್ತ ಮುಚ್ಚಳ ತೆಗೆದು ಬೆರಳು ಅದ್ದಿ ಬಾಯಿಗೆ ಒಯ್ದ.

"ತಿನ್ನಬ್ಯಾಡೋ!" ಶೇಖಮ್ಮ ಬಂಡಿಯಿಂದ ಹಾರಿ ಅವನ ಕೈಗೆ ಪಟ್ಟನೆ ಹೊಡೆದಳು.

"ಯಾಕಲೇ ಹೊಡೀತಿ?"

"ಕಿಲುಬು ಬಿಟ್ಟೈತಿ. ವಿಷ ಆಗೈತಿ. ಕೈ ತೊಳ್ಕೋ ಹೋಗು. ಯಾರಿಗೂ ಹೇಳಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ."

ಕನಕರಾಯ ತನ್ನ ಬೆರಳನ್ನೂ ಅವಳನ್ನೂ ನೋಡಿದ. "ಪ್ರಾಮಿಸ್, ಹೇಳಂಗಿಲ್ಲ" ಎಂದ. ಆಮೇಲೆ ಮೆಲ್ಲಗೆ ಕೇಳಿದ: "ಮತ್ತ ಅಜ್ಜಿ ತಿಂದ್ರ?"

ಶೇಖಮ್ಮ ಮುಚ್ಚಳ ಹಾಕಿ ಬಟ್ಟೆಯನ್ನು ಬಿಗಿದು ಕಟ್ಟಿದಳು.

ಐದು ಕಲ್ಲು ಇಟ್ಟು, ಸುಣ್ಣ ಬಳಿದು ಪೂಜೆಯಾಯಿತು. ಕಾಯಿ ಒಡೆದರು. ಉಳಿದೆಲ್ಲ ಅಡಿಗೆಯನ್ನೂ ಬಿಚ್ಚಿ ಸಾಲಾಗಿ ಇಟ್ಟರು. ಎಲ್ಲರೂ ತಾಟು ಇಟ್ಟುಕೊಂಡು ಕುಳಿತರು. ಭೂಮಿತಾಯಿಗೆಂದು ಅಜ್ಜಿ ಎಲೆಯ ಮೇಲೆ ರೊಟ್ಟಿ ಮುರಿದಿಟ್ಟಳು. ಶೇಖಮ್ಮ ಬೋಗಾಣಿ ಎತ್ತಿಕೊಂಡು ಬಂದಳು.

"ಅಯ್ಯ, ಬೋಗಾಣಿ ನೋಡ್ರಿ, ಬಂಗಾರದಂಗ ಥಳಥಳ ಅಂತೈತಿ!" ಎಂದು ಸಣ್ಣಮ್ಮ ಪಕ್ಕದ ಮಾರೆಮ್ಮತ್ತೆಗೆ ಪಿಸುಗುಟ್ಟಿದಳು. "ನಮ್ಮ ಸ್ಟೀಲ್ ಕ್ಯಾರಿಯರ್ ಇದರ ಮುಂದ ಏನೂ ಅಲ್ಲ."

ಇದೇ ಮಾತಿಗಾಗಿ ಶೇಖಮ್ಮ ನಿನ್ನೆ ಕೈ ನೋಯುವ ತನಕ ತಿಕ್ಕಿದ್ದಳು. ಈಗ ಕಿವಿ ಮುಚ್ಚಿಕೊಳ್ಳುವಂತಾಯಿತು.

"ಮೊದಲ ಭೂಮಿತಾಯಿ ಎಲಿಗೆ ಹಾಕು, ಆಮ್ಯಾಲೆ ನನಗ" ಎಂದು ಅಜ್ಜಿ ತಾಟು ಮುಂದೆ ಚಾಚಿದಳು. ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ, ಮೊಮ್ಮಗಳು ಇದ್ದ ಕಡೆಗೆ ಮುಖವೆತ್ತಿ ನಗುತ್ತಿದ್ದಳು.

ಶೇಖಮ್ಮ ಸೌಟನ್ನು ಬೋಗಾಣಿಯೊಳಗೇ ಬಿಟ್ಟಳು.

"ಹಾಕಂಗಿಲ್ಲ ಅಜ್ಜೀ."

"ಏನಬೇ?"

"ಯಾರೂ ಉಣಬ್ಯಾಡ್ರಿ! ಕಲಾಯಿ ಇಲ್ಲದ ಬೋಗಾಣ್ಯಾಗ ನಾನೇ ಹಾಕೀನಿ. ರಾತ್ರಿಯೆಲ್ಲ ಇದರಾಗ ಇತ್ತು. ಕರೀ ಮಡಕಿಗೆ ನಗ್ತಾರಂತ ನಾನೇ..." ಮುಂದಿನದು ಅಳುವಿನಲ್ಲಿ ಕೇಳಿಸಲಿಲ್ಲ.

ಅಪ್ಪ ತಾಟು ಬದಿಗಿಟ್ಟು ಎದ್ದ. "ಹಬ್ಬದ ದಿನ ಎಂಥಾ ಕೆಲಸ ಮಾಡೀಯಲೇ!" ಎಂದು ಕೈಯೆತ್ತಿದ.

"ಮುದುಕಪ್ಪಾ, ಕುಂದ್ರು" ಎಂದಳು ಅಜ್ಜಿ. "ಉಂಡ ಮ್ಯಾಲೆ ಹೇಳ್ಯಾಳೇನು? ಉಣ್ಣಾಕ ಮೊದ್ಲ ಹೇಳ್ಯಾಳ."

ಅಪ್ಪನ ಕೈ ಕೆಳಗಿಳಿಯಿತು. ಅಜ್ಜಿ ಚಾಚಿದ್ದ ತಾಟನ್ನು ಕೆಳಗಿಟ್ಟಳು. "ಕಲಾಯಿ ಹಾಕಸ್ತೀನಿ, ಹಾಕಸ್ತೀನಿ ಅಂತ ಎರಡು ವರ್ಷ ದೂಡೀನಿ. ನಂದೂ ತಪ್ಪೈತಿ" ಎಂದಳು. ಮೊಮ್ಮಗಳ ಕಡೆ ತಿರುಗಿ, "ನಿಂದೂ ಐತಿ" ಎಂದಳು.

ಅಪ್ಪ ದನ, ನಾಯಿ ಮುಟ್ಟದ ಹಾಗೆ ಬದುವಿನ ಬಳಿ ಗುಂಡಿ ತೋಡಿ ಪಲ್ಯವನ್ನು ಹುಗಿದು ಬಂದ. ಸೊಪ್ಪು ಸೋಸಿದಲ್ಲಿಂದ ಎರಡು ದಿನದ ಅಜ್ಜಿಯ ದುಡಿತ ಮಣ್ಣಿಗೆ ಹೋಯಿತು.

"ಇರ್ಲಿ ಬಿಡವ್ವಾ. ಆ ಜಾಗಕ್ಕ ಒಂದೊಂದು ಬದನಿಕಾಯಿ ಜಾಸ್ತಿ ಹಾಕ್ತೀನಿ" ಎಂದು ಮಾರೆಮ್ಮತ್ತೆ ಎಣ್ಣೆಗಾಯಿಯ ಪಾತ್ರೆ ಎಳೆದುಕೊಂಡಳು.

"ಬ್ಯಾಡ" ಎಂದಳು ಅಜ್ಜಿ. "ಪುಂಡಿಪಲ್ಯದ ಜಾಗ ಖಾಲಿ ಇರ್ಲಿ. ಅದು ನಮ್ಮ ಮನೀದು."

ಹಾಗೇ ಆಯಿತು. ಭೂಮಿತಾಯಿಯ ಎಲೆಯ ಮೇಲೂ ಪುಂಡಿಪಲ್ಯ ಬಡಿಸುವ ಬಲಗಡೆ ಅಂಗೈಯಗಲ ಖಾಲಿ. ಚರಗ ಚೆಲ್ಲಿ ಬಂದು ಎಲ್ಲರೂ ಉಣ್ಣಲು ಕುಳಿತರು. ಅಪ್ಪ ರೊಟ್ಟಿ ಮುರಿದ. ಮುರಿದ ರೊಟ್ಟಿ ತಾಟಿನ ಬಲಗಡೆಗೆ ಹೋಗಿ, ಅಲ್ಲಿ ಏನೂ ಇಲ್ಲದೆ ತಿರುಗಿ ಬಂತು. ಅತ್ತೆಯ ಕೈಯೂ ಅಲ್ಲಿಗೇ ಹೋಯಿತು. ಕಾಕನದೂ ಹೋಯಿತು. ಯಾರಾದರೂ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಶೇಖಮ್ಮನಿಗೆ.

ಪಕ್ಕದಲ್ಲಿ ಕನಕರಾಯ ಉಸಳಿ ಕೆದಕುತ್ತ ಕುಳಿತಿದ್ದ. "ವರ್ಷ ಪೂರ್ತಿ ಆ ತಳಕ್ಕ ಕಾಯ್ದಿದ್ದೆ ನಾನು" ಎಂದ ಮುಖ ಊದಿಸಿಕೊಂಡು.

"ಯಾವ ತಳ?"

"ಕರೀ ಮಡಕೀದು. ಬಳ್ಳೊಳ್ಳಿ, ಜೋಳದ ನುಚ್ಚು ಎಲ್ಲಾ ಸೇರಿ ತಳಕ್ಕ ಹತ್ತಿರ್ತೈತಲ್ಲ. ಅಜ್ಜಿ ಕೆರದು ನನಗ ಕೊಡ್ತಿದ್ಲು. ಸ್ಟೀಲಿನ್ಯಾಗ ಹಂಗ ಹತ್ತಂಗಿಲ್ಲ. ಅದಕ್ಕ ಹೋದ ವರ್ಷ ಕೇಳಿದ್ನಲ್ಲ, ಅದೇ ಮಡಕೀನಾ ಅಂತ?"

"ಮತ್ತ ನೀ ನಗಾಕತ್ತಿದ್ದಿ!"

"ತಳ ಸಿಗ್ತೈತಂತ ಖುಷಿಗೆ ನಕ್ಕೆ. ಅಳಬೇಕಿತ್ತೇನು?"

ಶೇಖಮ್ಮ ಬಾಯಿಗೆ ಒಯ್ದ ತುತ್ತನ್ನು ಹಾಗೇ ಹಿಡಿದು ಕುಳಿತಳು. ಒಂದು ವರ್ಷ! ಒಮ್ಮೆ ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತಲ್ಲ. ಆಮೇಲೆ ಥಟ್ಟನೆ ಅವಳಿಗೆ ಏನೋ ನೆನಪಾಯಿತು. ಊಟ ಮುಗಿಯುವ ತನಕ ಕುಳಿತಲ್ಲೇ ಚಡಪಡಿಸಿದಳು.

ಹೊತ್ತು ಇಳಿಯುವಾಗ ಬಂಡಿ ಮನೆಗೆ ಬಂತು. ಸಿಂಧನೂರಿನವರು, ಲಿಂಗಸುಗೂರಿನವರು ಚಹಾ ಕುಡಿದು ಬಸ್ಸಿಗೆ ಹೋಗುವವರಿದ್ದರು. ಶೇಖಮ್ಮ ಬಂಡಿ ನಿಲ್ಲುವ ಮೊದಲೇ ಹಾರಿ, ಒಳಗೋಡಿ, ಜೋಳದ ಚೀಲಗಳ ಹಿಂದೆ ಕೈ ಹಾಕಿದಳು. ಕರಿ ಮಡಕೆ ಅಲ್ಲೇ ಇತ್ತು. ಒಳಗೆ ಬಗ್ಗಿ ನೋಡಿದಳು. ತಳದಲ್ಲಿ, ಸುತ್ತಲೂ, ತೆಳ್ಳಗೆ ಪಲ್ಯ ಗಟ್ಟಿಯಾಗಿ ಕಚ್ಚಿ ಕುಳಿತಿತ್ತು. ಮೂಸಿದಳು. ಬೆಳ್ಳುಳ್ಳಿಯ ಘಮ, ಪುಂಡಿಯ ಹುಳಿ. ಬಾಯಲ್ಲಿ ನೀರೂರಿತು.

"ಅಜ್ಜೀ! ತಳ ಐತಿ! ಮಡಕ್ಯಾಗ ತಳ ಐತಿ!"

ಅಜ್ಜಿ ಮಡಕೆಯೊಳಗೆ ಮುಖವಿಟ್ಟು ಮೂಸಿದಳು, ಬೆರಳಿಗೆ ಹತ್ತಿಸಿ ನೆಕ್ಕಿದಳು. "ಇದು ಮಣ್ಣಿನ ಮಡಕ್ಯಾಗ ಉಳದದ್ದು. ಇದಕ್ಕೇನೂ ಆಗಿಲ್ಲ. ಕೆರೀಬೇ" ಎಂದಳು.

ಶೇಖಮ್ಮ ಚಮಚೆಯಿಂದ ಕೆರೆದಳು. ಒಬ್ಬೊಬ್ಬರ ಅಂಗೈಗೆ ಉಗುರಿನಷ್ಟು ಇಟ್ಟಳು. ಅಜ್ಜಿಗೆ, ಅಪ್ಪನಿಗೆ, ಅತ್ತೆಗೆ, ಕಾಕನಿಗೆ, ಸಣ್ಣಮ್ಮನಿಗೆ. ಊಟಕ್ಕೆಂದು ಬಂದ ಜುಬೇದಾಬೀಗೂ ಇಟ್ಟಳು. ಉಗುರಿನಷ್ಟನ್ನೇ ಎಲ್ಲರೂ ಎಷ್ಟೋ ಹೊತ್ತು ಚಪ್ಪರಿಸಿದರು. ಕನಕರಾಯನಿಗೆ ಮಾತ್ರ ಎಲ್ಲರಿಗಿಂತ ತುಸು ಹೆಚ್ಚು, ಕೆಂಪಗೆ ಹುರಿದ ಬೆಳ್ಳುಳ್ಳಿ ಎಸಳು ಇದ್ದದ್ದನ್ನು ಕೊಟ್ಟಳು.

ಕೊನೆಗೆ ಉಳಿದದ್ದು ಒಂದೇ ಒಂದು ಚೂರು. ಅದು ಅವಳದು. ಬೆರಳಲ್ಲಿ ತೆಗೆದುಕೊಂಡವಳು ಬಾಯಿಯ ತನಕ ಒಯ್ದು ನಿಂತಳು. ಬನ್ನಿಗಿಡದ ಕೆಳಗಿನ ಆ ಎಲೆ, ಅದರ ಬಲಗಡೆಯ ಖಾಲಿ ಜಾಗ ನೆನಪಾಯಿತು. ಆ ಚೂರನ್ನು ಮತ್ತೆ ಮಡಕೆಯೊಳಗೇ ಇಟ್ಟಳು.

ಮರುದಿನ ಬೆಳಿಗ್ಗೆ ಬೋಗಾಣಿ ಜುಬೇದಾಬೀಯ ಮನೆಗೆ ಹೋಯಿತು. ಶೇಖಮ್ಮ ಅಜ್ಜಿಯ ಕೈಹಿಡಿದುಕೊಂಡು ಹೊಲಕ್ಕೆ ಹೊರಟಳು. ತಲೆಯ ಮೇಲೆ ಕರಿ ಮಡಕೆ, ಅದರೊಳಗೆ ಭೂಮಿತಾಯಿಯ ಪಾಲಿನ ಆ ಚೂರು.

"ಏನಬೇ ಶೇಖಮ್ಮಾ, ಆ ಕರೀ ಮಡಕಿ ಹೊತ್ಕೊಂಡು ಎಲ್ಲಿಗೆ ಹೊಂಟಿ?" ಬಾವಿಕಟ್ಟೆಯ ಹೆಣ್ಣುಮಕ್ಕಳು ಕೇಳಿ ನಕ್ಕರು.

"ಬಟ್ಟಿ ಮುಚ್ಚಲೇನಬೇ?" ಎಂದಳು ಅಜ್ಜಿ.

"ಬ್ಯಾಡಜ್ಜೀ" ಎಂದು ಶೇಖಮ್ಮ ಮಡಕೆಯನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡು, ಓಣಿಯ ನಟ್ಟನಡುವೆ ನಡೆದಳು.